ರಾಷ್ಟ್ರಾಧ್ಯಕ್ಷರ ವಿಮಾನ ಯಾರದು?



ಅಮೆರಿಕದ ಅಧ್ಯಕ್ಷರ ಪ್ರಯಾಣಕ್ಕೆಂದು ಬೋಯಿಂಗ್ 747-8 ವಿಮಾನವನ್ನು ಆ ದೇಶದ ವಾಯುಪಡೆ ಆಯ್ದುಕೊಂಡದ್ದು 2015ರ ಜನವರಿಯಲ್ಲಿ. ಆ ಬಗೆಯ ಎರಡು ವಿಮಾನಗಳು 2024ರಲ್ಲಿ ಸಿದ್ಧವಾಗಬೇಕಿತ್ತು; ಆಗಲಿಲ್ಲ. ಹಣಕ್ಕೂ ತಂತ್ರಜ್ಞಾನಕ್ಕೂ ಕೊರತೆಯಿಲ್ಲವೆಂದು ಲೋಕವೆಲ್ಲ ನಂಬಿರುವ ದೇಶದಲ್ಲಿ ಹೀಗೇಕಾಯಿತು ಎಂಬುದು ಕೇವಲ ಯಂತ್ರಗಳ ಪ್ರಶ್ನೆಯಲ್ಲ. ಅಧಿಕಾರದಲ್ಲಿರುವವನು ಸರ್ಕಾರದ ಸೊತ್ತನ್ನು ಯಾವ ಕಣ್ಣಿನಿಂದ ನೋಡುತ್ತಾನೆ ಎಂಬ ಪ್ರಶ್ನೆಯೂ ಇದರಲ್ಲಿ ಅಡಗಿದೆ.

‘ಏರ್ ಫೋರ್ಸ್ ಒನ್’ ಎಂಬುದು ವಿಮಾನದ ಹೆಸರೆಂದೇ ಬಹಳ ಮಂದಿಯ ಎಣಿಕೆ. ವಾಸ್ತವದಲ್ಲಿ ಅದು ಅಧ್ಯಕ್ಷರು ಒಳಗಿರುವಷ್ಟು ಹೊತ್ತು ವಾಯುಪಡೆಯ ಯಾವುದೇ ವಿಮಾನಕ್ಕೆ ಸಲ್ಲುವ ಕರೆಸಂಕೇತ. 1953ರಲ್ಲಿ ಐಸೆನ್‌ಹೋವರ್ ಪಯಣಿಸುತ್ತಿದ್ದ ವಿಮಾನದ ಸಂಖ್ಯೆ, ಅದೇ ಆಕಾಶದಲ್ಲಿದ್ದ ಪ್ರಯಾಣಿಕ ವಿಮಾನವೊಂದರ ಸಂಖ್ಯೆಯನ್ನೇ ಹೋಲಿ ಗೊಂದಲವಾದ ಮೇಲೆ ಈ ಏರ್ಪಾಡು ಬಂದಿತು. 1974ರ ಆಗಸ್ಟ್ 9ರಂದು ರಾಜೀನಾಮೆ ಕೊಟ್ಟ ನಿಕ್ಸನ್ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ಅವರ ವಿಮಾನ ಏರ್ ಫೋರ್ಸ್ ಒನ್ ಆಗಿಯೇ ಮೇಲೇರಿತು. ಮಧ್ಯಾಹ್ನ ಫೋರ್ಡ್ ಅವರು ವಾಷಿಂಗ್ಟನ್ನಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಆಗ ಆಕಾಶದಲ್ಲೇ ಇದ್ದ ಪೈಲಟ್ ನೆಲದ ನಿಯಂತ್ರಣ ಕೇಂದ್ರಕ್ಕೆ ಕರೆಸಂಕೇತದ ಬದಲಾವಣೆಯನ್ನು ತಿಳಿಸಿದರು. ಅಲ್ಲಿಂದ ಮುಂದಕ್ಕೆ ಅದು ಬರಿಯ 27000 ಸಂಖ್ಯೆಯ ವಿಮಾನ. ಆಸನ ಬದಲಾಗಲಿಲ್ಲ, ಕುಳಿತವರೂ ಬದಲಾಗಲಿಲ್ಲ. ಪದವಿ ಮಾತ್ರ ಸದ್ದಿಲ್ಲದೆ ಇಳಿದುಹೋಯಿತು.

ಈಗಿನ ಎರಡು ವಿಮಾನಗಳು 1990ರಿಂದ ಸೇವೆಯಲ್ಲಿವೆ. ಅವು 747-200 ಮಾದರಿಯವು. ಆ ಮಾದರಿಯ ತಯಾರಿಕೆ ನಿಂತು ಮೂರು ದಶಕಗಳು ಕಳೆದಿರುವುದರಿಂದ ಬಿಡಿಭಾಗಗಳು ದುರ್ಲಭ. ಒಳಗೆ ಶಸ್ತ್ರಚಿಕಿತ್ಸೆಗೆ ಅನುವಾದ ಕೊಠಡಿ, ನೂರು ಜನಕ್ಕೆ ಊಟ ಸಿದ್ಧಪಡಿಸಬಲ್ಲ ಅಡುಗೆಮನೆಗಳು, ಸುಮಾರು 380 ಕಿಲೋಮೀಟರ್ ಉದ್ದದ ತಂತಿಜಾಲ, ಹಾರುತ್ತಲೇ ಇಂಧನ ತುಂಬಿಸಿಕೊಳ್ಳುವ ಸೌಕರ್ಯ ಇವೆ. ಹೊಸದನ್ನು ಮಾಡಬೇಕೆಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ.

ತಕರಾರು ಹುಟ್ಟಿದ್ದು ಬೆಲೆಯಲ್ಲಿ. 2016ರ ಡಿಸೆಂಬರಿನಲ್ಲಿ, ಇನ್ನೂ ಅಧಿಕಾರ ವಹಿಸಿಕೊಳ್ಳದ ಟ್ರಂಪ್ ಅವರು, ವೆಚ್ಚ 400 ಕೋಟಿ ಡಾಲರನ್ನು ಮೀರುತ್ತಿದೆ, ಖರೀದಿಯನ್ನೇ ರದ್ದುಮಾಡಬೇಕೆಂದು ಬಹಿರಂಗವಾಗಿ ಹೇಳಿದರು. ವಾಯುಪಡೆ ಮರುವರ್ಷ ಟ್ರಾನ್ಸ್‌ಏರೋ ಎಂಬ ದಿವಾಳಿಯೆದ್ದ ರಷ್ಯನ್ ಕಂಪನಿಗಾಗಿ ತಯಾರಾಗಿ, ಹಸ್ತಾಂತರವಾಗದೆ ಉಳಿದಿದ್ದ ಎರಡು ವಿಮಾನಗಳನ್ನು ಕೊಂಡಿತು. 2018ರಲ್ಲಿ ಸುಮಾರು 390 ಕೋಟಿ ಡಾಲರಿಗೆ ಒಪ್ಪಂದವಾಯಿತು. ನಿಗದಿತ ಬೆಲೆಯ ಒಪ್ಪಂದ. ಖರ್ಚು ಹೆಚ್ಚಿದರೆ ಕಂಪನಿಯೇ ಹೊರಬೇಕು. ಹಾರುತ್ತಲೇ ಇಂಧನ ತುಂಬಿಸಿಕೊಳ್ಳುವ ಸೌಕರ್ಯವನ್ನೂ ಕೈಬಿಡಲಾಯಿತು.

ಆಗ ಇದು ತೆರಿಗೆದಾರನ ಗೆಲುವೆಂದು ಬಣ್ಣಿಸಲ್ಪಟ್ಟಿತು. ಆದರೆ ಬಸದಿಯ ಜೀರ್ಣೋದ್ಧಾರವನ್ನು ಗುತ್ತಿಗೆಗೆ ಕೊಟ್ಟ ಯಾವ ಸಮಿತಿಯವರಿಗೂ ಒಂದು ಅನುಭವವಿದ್ದೇ ಇರುತ್ತದೆ: ದರವನ್ನು ಹಿಂಡಿ ಹಿಡಿಸಿದಲ್ಲಿ ಕೆಲಸ ತೆವಳುತ್ತದೆ. ಒಳಾಂಗಣದ ಉಪಗುತ್ತಿಗೆದಾರ ಕಂಪನಿಯೊಡನೆ ಜಗಳವಾಗಿ, ಅದು ನ್ಯಾಯಾಲಯದವರೆಗೆ ಹೋಯಿತು. ಭದ್ರತಾ ಪರಿಶೀಲನೆಯಲ್ಲಿ ತೇರ್ಗಡೆಯಾದ ಕೆಲಸಗಾರರೂ ಸಾಲದಾದರು. ಬೋಯಿಂಗ್ ಈ ಒಂದೇ ಕೆಲಸದಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿದೆ. ಬಹುಶಃ ಇಂಥ ಹೊಣೆಯನ್ನು ಒಪ್ಪಿಕೊಳ್ಳಬಾರದಿತ್ತೆಂಬ ಅರ್ಥದ ಮಾತನ್ನು ಅದರ ಅಂದಿನ ಮುಖ್ಯಸ್ಥರೇ 2022ರಲ್ಲಿ ಆಡಿದರು. ಹಣ ಉಳಿಯಿತು, ನಿಜ. ವಿಮಾನ ಮಾತ್ರ ಬರಲಿಲ್ಲ.

ಬಣ್ಣದ ಪ್ರಸಂಗವೂ ಸಣ್ಣದಲ್ಲ. ಕೆನಡಿಯವರ ಕಾಲದ ತಿಳಿನೀಲಿ-ಬಿಳಿ ವಿನ್ಯಾಸವನ್ನು ಬಿಟ್ಟು, ಕೆಂಪು, ಬಿಳಿ, ಕಡುನೀಲಿಯಾಗಬೇಕೆಂದು ಟ್ರಂಪ್ ಬಯಸಿದರು. ಕಡುನೀಲಿ ಬಣ್ಣ ಕೆಲವು ಉಪಕರಣಗಳ ಬಿಸಿಯನ್ನು ಹೆಚ್ಚಿಸುತ್ತದೆಂದು ಪರಿಶೀಲನೆಯಲ್ಲಿ ಕಂಡುಬಂತು. 2023ರಲ್ಲಿ ಬೈಡನ್ ಹಳೆಯ ಛಾಯೆಗೇ ಮರಳಿದರು. ತಾನು ಏರುವುದೇ ಅನುಮಾನವಾದ ವಿಮಾನಕ್ಕೆ ಬಣ್ಣ ಆರಿಸುವ ಆತುರ ಅಧಿಕಾರಸ್ಥರಿಗೆ ಎಲ್ಲಿಂದ ಬರುತ್ತದೋ!

ಭಾರತ ಹೊಸದಾಗಿ ವಿನ್ಯಾಸಗೊಳಿಸುವ ಗೊಡವೆಗೆ ಹೋಗಲಿಲ್ಲ. ಏರ್ ಇಂಡಿಯಾ ಬಳಿಯಿದ್ದ ಎರಡು ಬೋಯಿಂಗ್ 777 ವಿಮಾನಗಳನ್ನು ಅಮೆರಿಕದಲ್ಲಿ ಮಾರ್ಪಡಿಸಿ ತರಿಸಿತು. ಮೊದಲನೆಯದು 2020ರ ಅಕ್ಟೋಬರ್ 1ರಂದು ದೆಹಲಿಗೆ ಬಂತು. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಮಂತ್ರಿ ಮೂವರಿಗೂ ಅವು ಮೀಸಲು. ಕೊರೋನಾ ಕಾಲದಲ್ಲಿ ಇಷ್ಟು ವೆಚ್ಚವೇಕೆಂದು ವಿರೋಧ ಪಕ್ಷದವರು ಕೇಳಿದರು. ಪ್ರಕ್ರಿಯೆ ಅವರದೇ ಆಳ್ವಿಕೆಯಲ್ಲಿ ಆರಂಭವಾಗಿತ್ತೆಂದು ಸರ್ಕಾರ ಉತ್ತರಿಸಿತು. ಚರ್ಚೆ ‘ಯಾರ ವಿಮಾನ’ ಎಂಬಲ್ಲಿಯೇ ಮುಗಿದುಹೋಯಿತು. ಮೂರು ಪದವಿಗಳಿಗೆ ಸೇರಿದ ಸೊತ್ತು ಒಬ್ಬರ ಹೆಸರಿಗೆ ಅಂಟಿಕೊಂಡದ್ದರಲ್ಲಿ ಹೊಗಳಿದವರಿಗೂ ತೆಗಳಿದವರಿಗೂ ಸಮಪಾಲಿದೆ.

ಅಮೆರಿಕದಲ್ಲಿ ಮಾತು ಇನ್ನೂ ಮುಂದೆ ಹೋಗಿದೆ. ಬೋಯಿಂಗಿನ ವಿಳಂಬದ ನಡುವೆ, 2025ರ ಮೇ ತಿಂಗಳಲ್ಲಿ ಕತಾರ್ ಸರ್ಕಾರ ಕೊಟ್ಟ ಐಷಾರಾಮಿ 747-8 ವಿಮಾನವನ್ನು ಅಮೆರಿಕದ ರಕ್ಷಣಾ ಇಲಾಖೆ ಸ್ವೀಕರಿಸಿತು. ಸಂಸತ್ತಿನ ಒಪ್ಪಿಗೆಯಿಲ್ಲದೆ ಯಾವ ಅಧಿಕಾರಿಯೂ ಪರರಾಜ್ಯದಿಂದ ಉಡುಗೊರೆ ಪಡೆಯಬಾರದೆಂದು ಆ ದೇಶದ ಸಂವಿಧಾನದ ಮೊದಲನೆಯ ವಿಧಿಯಲ್ಲೇ ಇದೆ. ಇದು ವ್ಯಕ್ತಿಗೆ ಬಂದದ್ದಲ್ಲ, ಇಲಾಖೆಗೆ ಬಂದದ್ದು ಎಂಬುದು ಸರ್ಕಾರದ ಸಮಜಾಯಿಷಿ. ಆ ಮಾತು ನಿಲ್ಲುತ್ತಿತ್ತೇನೋ. ಆದರೆ ಅಧಿಕಾರಾವಧಿ ಮುಗಿದ ಮೇಲೆ ವಿಮಾನ ತಮ್ಮ ಅಧ್ಯಕ್ಷೀಯ ಗ್ರಂಥಾಲಯಕ್ಕೆ ಸೇರುತ್ತದೆಂದು ಟ್ರಂಪ್ ಅವರೇ ಹೇಳಿಬಿಟ್ಟರು. ಪುಕ್ಕಟೆಯೆಂದ ಆ ವಿಮಾನವನ್ನು ಅಧ್ಯಕ್ಷರ ಬಳಕೆಗೆ ತಕ್ಕಂತೆ ಮಾರ್ಪಡಿಸುವ ವೆಚ್ಚ 40 ಕೋಟಿ ಡಾಲರಿಗಿಂತ ಕಡಿಮೆಯಾಗಬಹುದೆಂದು ವಾಯುಪಡೆಯ ಕಾರ್ಯದರ್ಶಿ ಸಂಸದರಿಗೆ ತಿಳಿಸಿದ್ದಾರೆ. ಆ ಹಣ ಬರುವುದು ಕತಾರಿನಿಂದಲ್ಲ, ಅಮೆರಿಕದ ಬೊಕ್ಕಸದಿಂದ.