ಕಪಾಟಿನಲ್ಲೊಂದು ಡೀಸೆಲ್ ಶೆಡ್



ಊರು ಬಿಟ್ಟು ಬಂದ ನಮಗೆಲ್ಲ ಊರು ಅಂದರೆ ಮೊದಲು ನೆನಪಾಗುವುದು ರೈಲು, ಅಲ್ಲವೇ? ಬೇಸಿಗೆ ರಜೆಗೆ ಹೊರಟ ರಾತ್ರಿ, ನಸುಕಿನಲ್ಲಿ ಬೆಳಗಾವಿಯ ಹತ್ತಿರ ಎಚ್ಚರವಾದಾಗ ಮುಂದೆಲ್ಲೋ ಕೇಳುವ ಡೀಸೆಲ್ ಇಂಜಿನ್ನಿನ ಗುಡುಗುಡು. ಆ ಇಂಜಿನ್ನನ್ನು ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳುವ ಒಂದು ಹವ್ಯಾಸವಿದೆ. ಇವತ್ತು ಅದರ ಬಗ್ಗೆ ನಿಮ್ಮ ಜೊತೆ ನಾಲ್ಕು ಮಾತು. ಇಷ್ಟು ವಯಸ್ಸಾದವನಿಗೆ ಆಟಿಕೆಯ ಹುಚ್ಚೇ ಎಂದು ನಗುವವರು ನಗಬಹುದು. ನಮ್ಮ ಮನೆಯಲ್ಲೂ ಮೊದಲು ಹಾಗೇ ನಕ್ಕಿದ್ದರು.

ಮಾದರಿ ರೈಲಿನಲ್ಲಿ ಅಳತೆ ಮುಖ್ಯ. ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಓ ಎಂಬ ಅಳತೆ. ನಿಜವಾದ ಇಂಜಿನ್ನಿನ 87ನೇ ಒಂದು ಪಾಲು. ನಮ್ಮ ಹಳೆಯ ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್ 17 ಮೀಟರಿಗಿಂತ ತುಸು ಉದ್ದ. ಅದರ ಎಚ್‌ಓ ಮಾದರಿ ಸುಮಾರು 20 ಸೆಂಟಿಮೀಟರ್. ಒಳಗೆ ಪುಟ್ಟ ಮೋಟಾರು. ಹಳಿಯಲ್ಲಿ ಹರಿಯುವ ವಿದ್ಯುತ್ತನ್ನು ಚಕ್ರಗಳೇ ಹೀರಿಕೊಂಡು ಅದನ್ನು ಓಡಿಸುತ್ತವೆ.

ನಾನು ಈ ಹವ್ಯಾಸಕ್ಕೆ ಬಿದ್ದದ್ದು ಹೊರದೇಶಕ್ಕೆ ಹೋಗಿದ್ದಾಗ ಒಂದು ಅಂಗಡಿಯ ಗಾಜಿನ ಮುಂದೆ ನಿಂತು. ಮೊದಲು ಒಂದು ಅಮೆರಿಕನ್ ಡೀಸೆಲ್ ಕೊಂಡೆ. ಆಮೇಲೆ ಬಣ್ಣ ಚೆನ್ನಾಗಿದೆ ಎಂದು ಇನ್ನೊಂದು, ಬೆಲೆ ಇಳಿದಿದೆ ಎಂದು ಮತ್ತೊಂದು. ಐದು ವರ್ಷದಲ್ಲಿ ಹದಿನಾಲ್ಕು ಆದವು. ಎಲ್ಲವೂ ಡಬ್ಬಿಯಲ್ಲೇ. ಓಡಿಸಲು ಜಾಗವಿಲ್ಲ, ನೋಡಲು ಪುರುಸೊತ್ತಿಲ್ಲ.

ಅಷ್ಟರಲ್ಲಿ ಅಮ್ಮ ತೀರಿಕೊಂಡರು. ಅಪ್ಪನನ್ನು ಹುಬ್ಬಳ್ಳಿಯಿಂದ ಡೊಂಬಿವಲಿಗೆ ಕರೆತಂದೆ. ಅಪ್ಪ ರೈಲ್ವೆಯಲ್ಲಿ ಡ್ರೈವರ್ ಆಗಿದ್ದವರು. ಉಗಿಬಂಡಿಯ ಫೈರ್‌ಮನ್ ಆಗಿ ಸೇರಿ, ಡೀಸೆಲ್ ಕಲಿತು, ಕ್ಯಾಸಲ್‌ರಾಕ್ ಘಾಟಿನಲ್ಲಿ ವರ್ಷಗಟ್ಟಲೆ ಗಾಡಿ ಇಳಿಸಿ ಏರಿಸಿದವರು. ಇಲ್ಲಿಗೆ ಬಂದ ಮೇಲೆ ಅವರಿಗೆ ಮಾತಾಡಲು ಜನವಿಲ್ಲ, ಗೊತ್ತಿರುವ ಬೀದಿಯಿಲ್ಲ. ದಿನವಿಡೀ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದರು. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇಂಥ ಒಂದು ಕುರ್ಚಿ ಇದ್ದೀತು.

ಒಂದು ಭಾನುವಾರ ಅವರಿಗೆ ಖುಷಿಯಾಗಲಿ ಎಂದು ಹದಿನಾಲ್ಕೂ ಇಂಜಿನ್ನುಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು. ಆಮೇಲೆ ಕೇಳಿದರು: "ಛಲೋ ಅದಾವ. ಇದರಾಗ ನಮ್ಮದು ಯಾವ್ದೋ ತಮ್ಮಾ?"

ನನ್ನ ಬಳಿ ಉತ್ತರವಿರಲಿಲ್ಲ.

ಮಿತ್ರರೇ, ಸಂಗ್ರಹ ಮಾಡುವವರಿಗೆ ನಾನು ಹೇಳಬೇಕಾದ ಮಾತು ಅದೇ ಪ್ರಶ್ನೆಯಲ್ಲಿದೆ. ಕೊಳ್ಳುತ್ತ ಹೋದರೆ ರಾಶಿಯಾಗುತ್ತದೆ, ಸಂಗ್ರಹವಾಗುವುದಿಲ್ಲ. ಮೊದಲು ನಿಮ್ಮದು ಯಾವುದು ಎಂದು ಗೊತ್ತುಮಾಡಿಕೊಳ್ಳಿ. ಒಂದು ಊರಿನ ಶೆಡ್ ಆಗಬಹುದು, ಒಂದು ಮಾರ್ಗವಾಗಬಹುದು, ಹತ್ತು ವರ್ಷದ ಒಂದು ಕಾಲವಾಗಬಹುದು. ಅದರೊಳಗೆ ಬಾರದ್ದು ಎಷ್ಟೇ ಚೆಂದವಿದ್ದರೂ ಕೈಮುಗಿದು ಮುಂದೆ ಹೋಗಿ.

ನಾನು ಅಪ್ಪನ ಘಾಟನ್ನು ಆರಿಸಿಕೊಂಡೆ. ಕ್ಯಾಸಲ್‌ರಾಕಿನಿಂದ ಗೋವಾದ ಕುಳೆಂವರೆಗಿನ ಇಳಿಜಾರು, ದೂಧಸಾಗರದ ಜಲಪಾತ ಇರುವ ದಾರಿ. 37 ಅಡಿ ಹೋಗುವಷ್ಟರಲ್ಲಿ ಒಂದು ಅಡಿ ಇಳಿಯುತ್ತದೆ. ರೈಲಿಗೆ ಇದು ತುಂಬ ಕಡಿದಾದ ಇಳಿಜಾರು. ಹನ್ನೊಂದು ಪರದೇಶಿ ಇಂಜಿನ್ನುಗಳನ್ನು ಮಾರಿದೆ. ಬಂದ ಹಣದಲ್ಲಿ ಮೂರೇ ಇಂಜಿನ್ ಮಾಡಿಸುವುದೆಂದು ನಿಶ್ಚಯಿಸಿದೆ.

ಅವುಗಳ ಹೆಸರನ್ನು ಓದುವುದು ಕಲಿಯಿರಿ, ಸುಲಭ. ಮೊದಲ ಅಕ್ಷರ ಡಬ್ಲ್ಯು ಇದ್ದರೆ ಬ್ರಾಡ್‌ಗೇಜ್, ವೈ ಇದ್ದರೆ ಮೀಟರ್‌ಗೇಜ್. ಡಿ ಅಂದರೆ ಡೀಸೆಲ್. ಮೂರನೆಯದು ಕೆಲಸ: ಪಿ ಪ್ರಯಾಣಿಕರ ಗಾಡಿಗೆ, ಜಿ ಗೂಡ್ಸಿಗೆ, ಎಂ ಎರಡಕ್ಕೂ.

ನನ್ನ ಮೊದಲನೆಯದು ವೈಡಿಎಂ-4. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ, 1961ರಿಂದ ಬಂದದ್ದು, ಆರು ಸಿಲಿಂಡರಿನ ಮೀಟರ್‌ಗೇಜ್ ಇಂಜಿನ್. 1990ರ ದಶಕದಲ್ಲಿ ಹಳಿ ಅಗಲವಾಗುವ ಮೊದಲು ಘಾಟಿನಲ್ಲಿ ಓಡುತ್ತಿದ್ದದ್ದು ಇದು. ಎರಡನೆಯದು ಡಬ್ಲ್ಯುಡಿಎಂ-2. ಅದೂ ಆಲ್ಕೋದ್ದೇ, 2600 ಅಶ್ವಶಕ್ತಿ. 1962ರಲ್ಲಿ ಅಮೆರಿಕದಿಂದ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾಗತೊಡಗಿ, ಎರಡೂವರೆ ಸಾವಿರಕ್ಕೂ ಹೆಚ್ಚು ಆದವು. ವೇಗ ಹೆಚ್ಚಿಸಿದಾಗ ಬುಸ್ಸೆಂದು ಕರಿ ಹೊಗೆ ಉಗುಳುತ್ತಿದ್ದದ್ದು ಇದೇ. ಮೂರನೆಯದು ಡಬ್ಲ್ಯುಡಿಜಿ-4. 1999ರಲ್ಲಿ ಬಂತು, 4000 ಅಶ್ವಶಕ್ತಿ. ಹುಬ್ಬಳ್ಳಿ ಶೆಡ್ಡಿಗೆ ಹೆಸರು ತಂದುಕೊಟ್ಟದ್ದು. ಒಂದೇ ದಾರಿ, ಮೂರು ಕಾಲ.

ಇಲ್ಲೊಂದು ತೊಡಕಿದೆ. ಎಚ್‌ಓ ಹಳಿಯ ಅಗಲ 16.5 ಮಿಲಿಮೀಟರ್. ಅದು ಅಮೆರಿಕ, ಯುರೋಪುಗಳ 1435 ಮಿಲಿಮೀಟರ್ ಹಳಿಗೆ ಸರಿಹೊಂದುವ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676. ಅದನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೂ ಹೆಚ್ಚು ಬರುತ್ತದೆ. ಅಂದರೆ ಅಂಗಡಿಯ ಹಳಿಯ ಮೇಲೆ ನಮ್ಮ ಇಂಜಿನ್ನಿನ ಕಾಲು ಸುಮಾರು ಮೂರು ಮಿಲಿಮೀಟರ್ ಒಳಕ್ಕೆ ಸೇರಿಕೊಂಡಿರುತ್ತದೆ. ಬಹುತೇಕ ಹವ್ಯಾಸಿಗಳು ಇದನ್ನು ಒಪ್ಪಿಕೊಂಡು ಹೋಗುತ್ತಾರೆ, ನಾನೂ ಹಾಗೇ. ಮೀಟರ್‌ಗೇಜಿಗೆ ಆ ಕಷ್ಟವಿಲ್ಲ, 12 ಮಿಲಿಮೀಟರ್ ಹಳಿ ಬಹುಮಟ್ಟಿಗೆ ಸರಿಹೊಂದುತ್ತದೆ.

ಡಬ್ಲ್ಯುಡಿಎಂ-2 ಮಾಡಲು ಒಂದು ಉಪಾಯವಿದೆ. ಅದರ ಬೋಗಿಯಲ್ಲಿ ಮೂರು ಅಚ್ಚುಗಳು ಸಮಾನ ಅಂತರದಲ್ಲಿ ಇರುವುದಿಲ್ಲ. ಆಲ್ಕೋದ ಅಮೆರಿಕನ್ ಆರ್‌ಎಸ್‌ಡಿ ಸರಣಿಯಲ್ಲೂ ಅದೇ ಜಾತಿಯ ಬೋಗಿಗಳಿವೆ. ನಾನು ಮಾರದೆ ಉಳಿಸಿಕೊಂಡ ಮೂರರಲ್ಲಿ ಅಂಥದ್ದೊಂದಿತ್ತು. ಅದರ ಮೋಟಾರು, ಚಕ್ರಗಳನ್ನು ಇಟ್ಟುಕೊಂಡು, ಮೇಲೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಮ್ಮ ಇಂಜಿನ್ನಿನ ಮೈ ಕೂರಿಸಿದೆ. ಎಂಟು ತಿಂಗಳು ಹಿಡಿಯಿತು. ಬಣ್ಣ ಹಚ್ಚುವ ಮೊದಲು ಇಸವಿ ಗೊತ್ತುಮಾಡಿಕೊಳ್ಳುವುದನ್ನು ಮರೆಯಬೇಡಿ. ಹುಬ್ಬಳ್ಳಿ 2003ರವರೆಗೆ ದಕ್ಷಿಣ ಮಧ್ಯ ರೈಲ್ವೆಯಲ್ಲಿತ್ತು, ಆಮೇಲೆ ನೈಋತ್ಯ ರೈಲ್ವೆಯಾಯಿತು. ಮೈಮೇಲಿನ ಅಕ್ಷರ ತಪ್ಪಿದರೆ ಬಲ್ಲವರು ನಗುತ್ತಾರೆ.

ಕೊಳ್ಳುವವರು ಕೆಲವು ಸಂಗತಿ ನೋಡಿಕೊಳ್ಳಿ. ಎಲ್ಲ ಚಕ್ರಗಳಿಂದಲೂ ವಿದ್ಯುತ್ ಹೀರುವಂತಿರಬೇಕು. ಮೋಟಾರು ನಡುವೆ ಇದ್ದು ಎರಡೂ ಬೋಗಿಗಳನ್ನು ಓಡಿಸಬೇಕು. ಅಂಗಡಿಯಲ್ಲಿ ಜೋರಾಗಿ ಓಡಿಸಿ ತೋರಿಸಿದರೆ ಮರುಳಾಗಬೇಡಿ, ಇರುವೆ ಹರಿದಷ್ಟು ನಿಧಾನವಾಗಿ ಓಡಿಸಿ ಎನ್ನಿ. ಹಳೆಯ ಇಂಜಿನ್ ಚಕ್ರ ತಿರುಗಿದಂತೆಲ್ಲ ಟಕ್ ಟಕ್ ಎಂದು ಕುಪ್ಪಳಿಸಿದರೆ ಒಳಗಿನ ಪ್ಲಾಸ್ಟಿಕ್ ಗೇರು ಸೀಳಿದೆ ಎಂದು ತಿಳಿಯಿರಿ.

ಜಾಗದ ಚಿಂತೆಯೂ ಬೇಡ. ಆರು ಅಚ್ಚಿನ ಡೀಸೆಲ್ಲಿಗೆ ತಿರುವಿನ ತ್ರಿಜ್ಯ 22 ಇಂಚಾದರೂ ಇರಬೇಕು. ಪೂರ್ತಿ ವೃತ್ತ ಹಾಕಲು ನಾಲ್ಕು ಅಡಿ ಅಗಲದ ಹಲಗೆ ಬೇಕಾಗುತ್ತದೆ. ನಮ್ಮ ಫ್ಲ್ಯಾಟುಗಳಲ್ಲಿ ಅದು ಎಲ್ಲಿಂದ ಬರಬೇಕು? ನಾನು ಗೋಡೆಗೆ ಒಂದಡಿ ಅಗಲ, ಎಂಟಡಿ ಉದ್ದದ ಹಲಗೆ ಹೊಡೆಸಿ ನೇರ ಹಳಿ ಹಾಕಿದೆ. ಗಾಡಿ ಹೋಗುತ್ತದೆ, ಬರುತ್ತದೆ. ಸಾಕು.

ಹಲಗೆ ಸಿದ್ಧವಾದ ದಿನ ಗೂಡ್ಸು ಗಾಡಿ ಓಡಿಸಿ, ಗುಂಡಿ ಒತ್ತಿ ನಿಲ್ಲಿಸಿ ತೋರಿಸಿದೆ. ಅಪ್ಪ ತಲೆ ಅಲ್ಲಾಡಿಸಿದರು. "ಅಷ್ಟು ಲಗೂ ನಿಂದ್ರೂದಿಲ್ಲೋ ಅದು. ಹಿಂದ ಭಾರ ಐತಿ." ಈಗಿನ ಡಿಜಿಟಲ್ ನಿಯಂತ್ರಣದಲ್ಲಿ ಇಂಜಿನ್ನಿನೊಳಗೆ ಡಿಕೋಡರ್ ಎಂಬ ಪುಟ್ಟ ಚಿಪ್ ಇರುತ್ತದೆ. ಅದರಲ್ಲಿ ಸಿವಿ-3 ಎಂಬ ಸಂಖ್ಯೆ ವೇಗ ಏರುವ ನಿಧಾನವನ್ನು, ಸಿವಿ-4 ವೇಗ ಇಳಿಯುವ ನಿಧಾನವನ್ನು ಹೇಳುತ್ತದೆ. ನಾನು ಸಂಖ್ಯೆ ಹೆಚ್ಚಿಸುತ್ತ ಹೋದೆ, ಅವರು "ಇನ್ನೂ, ಇನ್ನೂ" ಎನ್ನುತ್ತ ಹೋದರು. ಕೊನೆಗೆ ಒಂದು ಸಲ ಗಾಡಿ ಹಲಗೆಯ ಅರ್ಧದುದ್ದ ಜಾರಿಕೊಂಡು ಬಂದು ಸದ್ದಿಲ್ಲದೆ ನಿಂತಿತು. "ಹಾಂ, ಈಗ ಖರೆ" ಅಂದರು.

ಆವತ್ತು ರಾತ್ರಿ ಊಟವಾದ ಮೇಲೆ ಅಪ್ಪ ಹನ್ನೊಂದು ಗಂಟೆಯವರೆಗೆ ಮಾತಾಡಿದರು. ಘಾಟು ಏರುವುದು ಕಷ್ಟವಲ್ಲ, ಇಳಿಸುವುದು ಕಷ್ಟ. ಮಳೆಗಾಲದಲ್ಲಿ ಹಳಿ ಹೇಗೆ ಜಾರುತ್ತದೆ, ಮಂಜಿನಲ್ಲಿ ಸಿಗ್ನಲ್ ಹೇಗೆ ಹುಡುಕುತ್ತಿದ್ದರು. ನಾನು ಅವರ ಮಗ, ಇದೊಂದನ್ನೂ ಕೇಳಿರಲಿಲ್ಲ. ಮರುದಿನದಿಂದ ಕುರ್ಚಿ ಕಿಟಕಿಯಿಂದ ಹಲಗೆಯ ಪಕ್ಕಕ್ಕೆ ಬಂತು.

ಇನ್ನು ಕಾಪಾಡುವ ವಿಷಯ. ನಮ್ಮ ಮುಂಬಯಿ, ಚೆನ್ನೈಗಳ ತೇವ ಈ ಯಂತ್ರಗಳಿಗೆ ಶತ್ರು. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ವರ್ಷಕ್ಕೊಮ್ಮೆ ಬದಲಿಸಿ. ಹಳೆಯ ಸ್ಪಂಜು ಕ್ರಮೇಣ ಜಿಗುಟಾಗಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ನನ್ನದೊಂದು ಹಾಗೇ ಹಾಳಾಯಿತು. ಗೇರಿಗೆ ಪ್ಲಾಸ್ಟಿಕ್ಕಿಗೆ ಹೊಂದುವ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಒಂದು ಹನಿ ಮಾತ್ರ ಬಿಡಿ. ಮುಖ್ಯವಾಗಿ, ತಿಂಗಳಿಗೊಮ್ಮೆಯಾದರೂ ಓಡಿಸಿ. ನಿಂತ ಇಂಜಿನ್ ಬೇಗ ಕೆಡುತ್ತದೆ.

ಇದಕ್ಕೆ ಈಗಲೇ ಏಕೆ ಅವಸರ ಎನ್ನುತ್ತೀರಾ? ನಿಜವಾದ ಹಳಿಯಿಂದ ಡೀಸೆಲ್ ಹೋಗುತ್ತಿದೆ. ನಮ್ಮ ಕೊಂಕಣ ರೈಲು ಮಾರ್ಗ 2022ರಲ್ಲಿ ಪೂರ್ತಿ ವಿದ್ಯುತ್ತಿಗೆ ಬಂತು. ವಾರಾಣಸಿಯ ಡೀಸೆಲ್ ಕಾರ್ಖಾನೆಯ ಹೆಸರಿನಿಂದ ಡೀಸೆಲ್ ಎಂಬ ಪದವೇ 2020ರಲ್ಲಿ ಹೋಯಿತು. ಹೊಗೆ ಕಡಿಮೆಯಾಯಿತು, ಒಳ್ಳೆಯದೇ. ಆದರೆ ಅದನ್ನು ಓಡಿಸಿದವರು, ರಿಪೇರಿ ಮಾಡಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರಿದ್ದಾಗಲೇ ಕೇಳಬೇಕು.

ಮೊದಲು ನೋಡಬೇಕೆನಿಸಿದವರು ಪುಣೆಯ ಕೋಥರೂಡಿನಲ್ಲಿರುವ ಜೋಶಿಯವರ ಮಿನಿಯೇಚರ್ ರೈಲ್ವೆ ಸಂಗ್ರಹಾಲಯಕ್ಕೆ ಹೋಗಿ, ಮಾದರಿಗಳು ಓಡುವುದನ್ನು ಕಣ್ಣಾರೆ ಕಾಣಬಹುದು. ದೆಹಲಿಯವರಿಗೆ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಸಂಗ್ರಹಾಲಯವಿದೆ, ಅಲ್ಲಿ ನಿಜವಾದ ಇಂಜಿನ್ನುಗಳೇ ನಿಂತಿವೆ. ಊರಿಗೆ ಹೋದಾಗ ಮೈಸೂರಿನ ಸಂಗ್ರಹಾಲಯವನ್ನೂ, 2020ರಲ್ಲಿ ತೆರೆದ ಹುಬ್ಬಳ್ಳಿಯದನ್ನೂ ನೋಡಿಬನ್ನಿ.

ಅಪ್ಪ ಹೋಗಿ ಆರು ವರ್ಷವಾಯಿತು. ಈಗ ನನ್ನ ಸಂಗ್ರಹದಲ್ಲಿ ಮೂರೇ ಇಂಜಿನ್ನುಗಳಿವೆ. ಯಾರಾದರೂ "ಇಷ್ಟೇನಾ?" ಎಂದರೆ ನನಗೆ ಬೇಸರವಿಲ್ಲ. ಡಬ್ಲ್ಯುಡಿಎಂ-2ರ ಸಿವಿ-4 ಸಂಖ್ಯೆಯನ್ನು ನಾನು ಬದಲಾಯಿಸಿಲ್ಲ. ಗುಂಡಿ ಒತ್ತಿದ ಮೇಲೂ ಅದು ಹಲಗೆಯ ಅರ್ಧದುದ್ದ ಜಾರಿಕೊಂಡೇ ಬರುತ್ತದೆ.

ನಿಮ್ಮ ಮನೆಯ ಹಿರಿಯರು ಯಾವ ಗಾಡಿ ಓಡಿಸಿದ್ದರು, ಯಾವ ಯಂತ್ರದ ಮುಂದೆ ನಿಂತಿದ್ದರು, ಇವತ್ತು ಸಂಜೆ ಒಮ್ಮೆ ಕೇಳಿ ನೋಡಿ.