ಕೇಳುವುದೂ ಒಂದು ಅಭ್ಯಾಸ



ನೀವೆಲ್ಲರೂ ಹಾಡು ಕೇಳುವವರೇ. ಬಸ್ಸಿನಲ್ಲಿ ಕೇಳುತ್ತೀರಿ, ಊಟ ಮಾಡುತ್ತಾ ಕೇಳುತ್ತೀರಿ, ಓದುವಾಗಲೂ ಕೇಳುತ್ತೀರಿ. ಆದರೆ ಒಂದು ಧ್ವನಿಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ, ಬೇರೆ ಯಾವ ಕೆಲಸವನ್ನೂ ಮಾಡದೆ, ಸುಮ್ಮನೆ ಕುಳಿತು ಕೇಳಿದ್ದು ಯಾವಾಗ? ನಾನು ಸಂಗೀತ ವಿದ್ವಾಂಸನಲ್ಲ; ನನಗೆ ಹಾಡಲೂ ಬಾರದು. ನಾನೊಬ್ಬ ಕೇಳುಗ, ಅಷ್ಟೇ. ನಾಲ್ಕು ಪ್ರಸಿದ್ಧ ಧ್ವನಿಮುದ್ರಿಕೆಗಳನ್ನು ಕೇಳಿದಾಗ ನನಗೆ ಏನನ್ನಿಸಿತು, ಹಾಗೆ ಅನ್ನಿಸಿದ್ದರಲ್ಲಿ ಎಲ್ಲಿ ತಪ್ಪಿದೆ ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಆಲ್ಬಂ ಎಂಬ ಹೆಸರಿನ ಬಗ್ಗೆ ಒಂದು ಮಾತು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ಅಂಥ ಹಲವು ತಟ್ಟೆಗಳನ್ನು, ಫೋಟೋ ಆಲ್ಬಂನಂತೆ ಕಾಣುವ ರಟ್ಟಿನ ಪುಸ್ತಕದೊಳಗೆ ಸೇರಿಸಿ ಮಾರುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. 1948ರಲ್ಲಿ ಅಮೆರಿಕದಲ್ಲಿ ಲಾಂಗ್ ಪ್ಲೇ ತಟ್ಟೆ ಬಂತು. ಒಂದೇ ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಯತೊಡಗಿತು. ಯಾವುದು ಮೊದಲು ಬರಬೇಕು, ಯಾವುದು ಆಮೇಲೆ ಎಂದು ಸಂಗೀತಗಾರರು ಯೋಚಿಸಿ ಜೋಡಿಸಲು ಇದರಿಂದ ಅವಕಾಶವಾಯಿತು.

ನನ್ನ ಮೊದಲ ಧ್ವನಿಮುದ್ರಿಕೆ ನಮ್ಮದೇ ನೆಲದ್ದು. 1978ರಲ್ಲಿ ಬಂದ ‘ನಿತ್ಯೋತ್ಸವ’, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾದದ್ದು. ಕವಿತೆಗಳು ಕೆ.ಎಸ್. ನಿಸಾರ್ ಅಹಮದ್ ಅವರವು. ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ನಮ್ಮ ಶಾಲೆಯಲ್ಲಿ ಆ ಹೆಸರಿನ ಹಾಡನ್ನು ಪ್ರತಿ ಸಮಾರಂಭದಲ್ಲೂ ಹಾಡಿಸುತ್ತಿದ್ದರು. ಹಾಡಿ ಹಾಡಿ ನನಗೆ ಸಾಕಾಗಿತ್ತು. ‘ಇದೇನು ಮಹಾ, ಸ್ಕೂಲ್ ಡೇ ಹಾಡು’ ಎಂದು ಮೂಗು ಮುರಿಯುತ್ತಿದ್ದೆ. ಎಷ್ಟೋ ವರ್ಷಗಳ ನಂತರ ಒಂದು ಸಂಜೆ ಅದನ್ನು ನಿಧಾನವಾಗಿ ಕೇಳಿದಾಗ, ಜಲಪಾತ, ನದಿ, ಕಾಡುಗಳ ಜೊತೆಗೆ ಬೆಟ್ಟದೊಳಗಿನ ಲೋಹದ ಅದಿರೂ ಆ ಪದ್ಯದಲ್ಲಿ ಬರುವುದನ್ನು ಗಮನಿಸಿದೆ. ಕವಿ ಭೂವಿಜ್ಞಾನದ ಅಧ್ಯಾಪಕರಾಗಿದ್ದವರು! ನಾಡಿನ ಚೆಲುವನ್ನು ಹೊಗಳುವಾಗಲೂ ಅವರ ಕಣ್ಣು ನೆಲದಡಿಗೆ ಹೋಗಿತ್ತು. ನೂರಾರು ಸಲ ಹಾಡಿದ್ದ ನಾನು ಅದನ್ನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ತೀರ ಪರಿಚಿತವಾದದ್ದು ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ.

ಎರಡನೆಯದು 1967ರ ‘ಕಾಲ್ ಆಫ್ ದಿ ವ್ಯಾಲಿ’. ಶಿವಕುಮಾರ್ ಶರ್ಮ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್. ಇದು ನನಗೆ ಕೇಳಿದ ಕೂಡಲೇ ಹಿಡಿಸಿತು. ಪರೀಕ್ಷೆಯ ಸಮಯದಲ್ಲಿ ಸಣ್ಣ ದನಿಯಲ್ಲಿ ಇದನ್ನು ಹಾಕಿಕೊಂಡು ಲೆಕ್ಕ ಮಾಡುತ್ತಿದ್ದೆ. ಇಷ್ಟಪಟ್ಟರೂ ಗೌರವ ಕೊಡಲಿಲ್ಲ ಎಂದು ಈಗ ಅನ್ನಿಸುತ್ತದೆ. ಇದು ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನದ ಚಿತ್ರ. ಬೆಳಗಿನ ಅಹಿರ್ ಭೈರವ್ ರಾಗದಿಂದ ಹೊರಟು, ಹೊತ್ತು ಏರಿ ಇಳಿದಂತೆ ರಾಗಗಳು ಬದಲಾಗುತ್ತಾ, ಕೊನೆಗೆ ಪಹಾಡಿಯಲ್ಲಿ ಮುಗಿಯುತ್ತದೆ. ನಾನು ಮಧ್ಯದಿಂದ ಹಾಕಿ, ಮನಸ್ಸಿಗೆ ಬಂದಲ್ಲಿ ನಿಲ್ಲಿಸುತ್ತಿದ್ದೆ. ಕಾದಂಬರಿಯ ಏಳನೆಯ ಅಧ್ಯಾಯವನ್ನು ಮೊದಲು ಓದಿ, ಮೂರನೆಯದನ್ನು ಆಮೇಲೆ ಓದಿದಂತೆ!

ಮೂರನೆಯದರ ಬಗ್ಗೆ ಹೇಳಲು ನನಗೆ ಸಂಕೋಚ. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳೆಯನೊಬ್ಬ ಅವನ ಚಿಕ್ಕಪ್ಪ ಬೊಂಬಾಯಿಯಿಂದ ಕೊಟ್ಟುಕಳಿಸಿದ್ದ ಒಂದು ಕ್ಯಾಸೆಟ್ಟನ್ನು ತಂದ. ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. 1959ರ ಜಾಜ್ ಸಂಗೀತ. ‘ಒಂದೇ ಒಂದು ಸಲ ಪೂರ್ತಿ ಕೇಳೋ’ ಎಂದ. ಹತ್ತು ನಿಮಿಷ ಕೇಳಿ, ಐದಾರು ಜನರ ಎದುರಿಗೆ, ‘ಇವರಿಗೆ ಹಾಡು ಗೊತ್ತಿಲ್ಲ, ಇನ್ನೂ ಶ್ರುತಿ ಮಾಡಿಕೊಳ್ಳುತ್ತಿದ್ದಾರೆ’ ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವನೂ ಸ್ವಲ್ಪ ನಕ್ಕ, ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ ಟ್ರಂಕಿನಲ್ಲಿಟ್ಟ. ಆ ಮೇಲಿನ ಎರಡು ವರ್ಷ ಅವನು ನನ್ನೊಡನೆ ಸಂಗೀತದ ಮಾತೆತ್ತಲಿಲ್ಲ.

ಬಹಳ ಕಾಲದ ನಂತರ ಆ ಧ್ವನಿಮುದ್ರಿಕೆಯ ಹಿನ್ನೆಲೆ ಓದಿದೆ. ಜಾಜ್ ವಾದಕರು ಅದುವರೆಗೆ ವೇಗವಾಗಿ ಬದಲಾಗುವ ಸ್ವರಮೇಳಗಳ ಮೇಲೆ ಓಡುತ್ತಿದ್ದರು. ಡೇವಿಸ್ ಅವುಗಳನ್ನು ಕಡಿಮೆ ಮಾಡಿ, ಒಂದೊಂದು ಸ್ವರಶ್ರೇಣಿಯ ಮೇಲೆ ಹೆಚ್ಚು ಹೊತ್ತು ನಿಂತು ಮನೋಧರ್ಮದಿಂದ ನುಡಿಸುವ ದಾರಿ ಹಿಡಿದರು. ಮೊದಲ ರಚನೆಯ ಮುಖ್ಯ ಸ್ವರಶ್ರೇಣಿ ಯಾವುದು ಗೊತ್ತೇ? ನಮ್ಮ ಖರಹರಪ್ರಿಯ ರಾಗದ ಆರೋಹಣ ಅವರೋಹಣಗಳಲ್ಲಿ ಬರುವ ಸ್ವರಗಳೇ! ರಾಗವೆಂದರೆ ಬರೀ ಸ್ವರಶ್ರೇಣಿಯಲ್ಲ, ನಿಜ; ಗಮಕ, ಸಂಚಾರಗಳಿಲ್ಲದೆ ಖರಹರಪ್ರಿಯ ಇಲ್ಲ. ಆದರೂ ಆಲಾಪನೆ ಕೇಳಿ ಬೆಳೆದ ನನಗೆ ಈ ನಿಧಾನ ಪರಕೀಯವಾಗಬೇಕಿರಲಿಲ್ಲ. ಕಛೇರಿಯಲ್ಲಿ ವಿದ್ವಾಂಸರಿಗೆ ಕೊಡುವ ತಾಳ್ಮೆಯನ್ನು ನಾನು ಅವರಿಗೆ ಕೊಡಲಿಲ್ಲ. ಈಗ ಅದು ನನಗೆ ಬಹು ಪ್ರಿಯ. ಇದನ್ನು ಹೇಳೋಣವೆಂದರೆ ಆ ಗೆಳೆಯನ ವಿಳಾಸ ನನ್ನಲ್ಲಿಲ್ಲ.

ಹಾಗಾದರೆ ಮೊದಲ ಅನಿಸಿಕೆ ಸುಳ್ಳೇ? ಸುಳ್ಳಲ್ಲ. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೌಲ್ಡ್ ಅವರನ್ನು ನೋಡಿ. 1955ರಲ್ಲಿ, 22ರ ವಯಸ್ಸಿನಲ್ಲಿ, ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಕೃತಿಯನ್ನು ನುಡಿಸಿ ಲೋಕಪ್ರಸಿದ್ಧರಾದರು. 1981ರಲ್ಲಿ ಅದೇ ಕೃತಿಯನ್ನು ಮತ್ತೆ ಧ್ವನಿಮುದ್ರಿಸಿದರು. ಆರಂಭದ ಭಾಗಕ್ಕೆ ಮೊದಲು ಎರಡು ನಿಮಿಷವೂ ಹಿಡಿದಿರಲಿಲ್ಲ; ಎರಡನೆಯ ಸಲ ಮೂರು ನಿಮಿಷ ಹಿಡಿಯಿತು. ಮರುವರ್ಷ, 1982ರಲ್ಲಿ, ಅವರು ತೀರಿಕೊಂಡರು. ನನಗೆ ಮೊದಲು ಹಿಡಿಸಿದ್ದು ವೇಗದ ವಾದನ. ಇಂದು ಕೈ ಹೋಗುವುದು ನಿಧಾನದ್ದರ ಕಡೆಗೆ. ಆದರೆ ಹಳೆಯದನ್ನು ಎಸೆದಿಲ್ಲ. ಬರೆದವನು ಒಬ್ಬನೇ, ನುಡಿಸಿದವರೂ ಒಬ್ಬರೇ. ನಡುವೆ 26 ವರ್ಷ ಕಳೆದಿತ್ತು. ನುಡಿಸುವವರೇ ಬದಲಾಗುವಾಗ ಕೇಳುವವರು ಬದಲಾಗಬಾರದೇ?

ಆದ್ದರಿಂದ ನಿಮಗೊಂದು ಸಲಹೆ. ತಿಂಗಳಿಗೆ ಒಂದು ಧ್ವನಿಮುದ್ರಿಕೆ ಆರಿಸಿಕೊಳ್ಳಿ. ಈಗ ಕ್ಯಾಸೆಟ್ಟು ಬೇಡ, ಫೋನಿನಲ್ಲೇ ಎಲ್ಲವೂ ಸಿಗುತ್ತದೆ. ಹಾಡು ಹಾರಿಸದೆ, ಕ್ರಮ ಕೆಡಿಸದೆ ಕೇಳಿ. ಅನ್ನಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದು ತಾರೀಕು ಹಾಕಿ. ಆರು ತಿಂಗಳ ನಂತರ ಮತ್ತೆ ಕೇಳಿ, ಮತ್ತೆ ಬರೆಯಿರಿ. ಹಿಡಿಸದಿದ್ದರೆ ಧೈರ್ಯವಾಗಿ ‘ಹಿಡಿಸಲಿಲ್ಲ’ ಎನ್ನಿ. ದೊಡ್ಡವರು ಹೊಗಳಿದರೆಂದು ತಲೆದೂಗಬೇಕಾಗಿಲ್ಲ. ನನಗೂ ಇಂದಿಗೂ ಹಿಡಿಸದ ಪ್ರಸಿದ್ಧ ಧ್ವನಿಮುದ್ರಿಕೆಗಳಿವೆ. ಆದರೆ ‘ನನಗೆ ಹಿಡಿಸಲಿಲ್ಲ’ ಎನ್ನುವುದು ಬೇರೆ, ‘ಇದು ಚೆನ್ನಾಗಿಲ್ಲ’ ಎನ್ನುವುದು ಬೇರೆ. ಅದರಲ್ಲೂ ಗೆಳೆಯನೊಬ್ಬ ಪ್ರೀತಿಯಿಂದ ಏನನ್ನಾದರೂ ಕೇಳಿಸಲು ತಂದಾಗ, ಕೊನೆಯವರೆಗೆ ಕೇಳಿ, ಆಮೇಲೆ ಬಾಯಿ ತೆರೆಯಿರಿ.