ಪಾರ್ಕಿನ್‌ಸನ್ ಕಾಯಿಲೆಯವರ ನಿದ್ದೆ: ವೈದ್ಯರಿಗೆ ಏನು ಹೇಳಬೇಕು?

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಆರೋಗ್ಯ ಉಪನ್ಯಾಸದ ಬರಹ ರೂಪ)



ಬೆಳಗಿನ ಹಾಲು ಹಾಕಿ, ಕೊಟ್ಟಿಗೆ ಕೆಲಸ ಮುಗಿಸಿ ನೀವೆಲ್ಲ ಬಂದಿದ್ದೀರಿ. ರಾಸುಗಳ ಆರೋಗ್ಯದ ಬಗ್ಗೆ ಈ ಶಿಬಿರದಲ್ಲಿ ಸಾಕಷ್ಟು ಕೇಳುತ್ತೀರಿ. ನಾನು ಮನೆಯ ಹಿರಿಯರಿಗೆ ಬರುವ ಒಂದು ಕಾಯಿಲೆ, ಅದರಲ್ಲೂ ಆ ಕಾಯಿಲೆ ಕೆಡಿಸುವ ನಿದ್ದೆಯ ವಿಷಯವಾಗಿ ಕೆಲವು ಮಾತು ಹೇಳುತ್ತೇನೆ.

ಕಾಯಿಲೆಯ ಹೆಸರು ಪಾರ್ಕಿನ್‌ಸನ್. ಆಯುರ್ವೇದದಲ್ಲಿ ಕಂಪವಾತ ಎನ್ನುತ್ತಾರೆ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುತ್ತ ಹೋಗುವುದರಿಂದ ಹೀಗಾಗುತ್ತದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿ ಬರೆದರು. ನಿದ್ದೆ ಕೆಡುವುದನ್ನೂ ಅವರು ಆಗಲೇ ಗುರುತಿಸಿದ್ದರು. ಈ ಕಾಯಿಲೆ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ನಿದ್ದೆಯ ತೊಂದರೆ ಇರುತ್ತದೆ. ಆದರೂ ಆಸ್ಪತ್ರೆಗೆ ಹೋದಾಗ ನಡುಕದ ಮಾತೇ ಹೆಚ್ಚು. ಎದ್ದು ಹೊರಡುವಾಗ, "ರಾತ್ರಿ ನಿದ್ದೆ ಬರಲ್ಲ ಡಾಕ್ಟ್ರೇ, ಒಂದು ಮಾತ್ರೆ ಕೊಡಿ" ಎನ್ನುತ್ತೇವೆ.

ಹಸು ಮೇವು ಬಿಟ್ಟಿದೆ ಎಂದು ಪಶುವೈದ್ಯರನ್ನು ಕರೆಸುತ್ತೀರಿ. ಅವರು ಬಂದ ಕೂಡಲೆ ಸೂಜಿ ಚುಚ್ಚುತ್ತಾರೆಯೆ? ಎಂದಿನಿಂದ? ಮೆಲುಕು ಹಾಕುತ್ತಿದೆಯೆ? ಸಗಣಿ ಹೇಗಿದೆ? ಕರು ಹಾಕಿ ಎಷ್ಟು ದಿನವಾಯಿತು? ಹಾಲು ಎಷ್ಟು ಇಳಿದಿದೆ? ಇಷ್ಟನ್ನೂ ಕೇಳುತ್ತಾರೆ. ಕೆಚ್ಚಲು ಬಾವಿಗೂ ಹಸು ಮೇವು ಬಿಡುತ್ತದೆ, ಹೊಟ್ಟೆಯುಬ್ಬರಕ್ಕೂ ಬಿಡುತ್ತದೆ. ಔಷಧ ಮಾತ್ರ ಬೇರೆ ಬೇರೆ. ನಿದ್ದೆ ಬಾರದಿರುವುದೂ ಹಾಗೆಯೇ. ಅದು ಲಕ್ಷಣ. ಕಾರಣ ಯಾವುದೆಂದು ಮೊದಲು ತಿಳಿಯಬೇಕು.

ಮುಖ್ಯವಾದ ಕಾರಣಗಳನ್ನು ನೋಡೋಣ.

ಒಂದು, ಮಾತ್ರೆಯ ಪ್ರಭಾವ ನಡುರಾತ್ರಿಯಲ್ಲಿ ಮುಗಿಯುವುದು. ಮೈ ಮರದಂತಾಗಿ ಮಗ್ಗುಲು ಬದಲಿಸಲು ಆಗುವುದಿಲ್ಲ, ಕಾಲು ಸೆಡೆಯುತ್ತದೆ, ಎಚ್ಚರವಾಗುತ್ತದೆ. ಇಂಥವರಿಗೆ ಬೇಕಾದದ್ದು ನಿದ್ದೆ ಮಾತ್ರೆಯಲ್ಲ, ಪಾರ್ಕಿನ್‌ಸನ್ ಮಾತ್ರೆಯ ಹೊತ್ತು ಅಥವಾ ಪ್ರಮಾಣದ ಬದಲಾವಣೆ. ಇಲ್ಲಿ ನಮಗೆ ಸಂಬಂಧಿಸಿದ ಒಂದು ಮಾತಿದೆ. ಲೆವೊಡೋಪಾ ಮಾತ್ರೆಯನ್ನು ಹಾಲಿನ ಜೊತೆ ನುಂಗಿದರೆ, ಹಾಲಿನ ಪ್ರೋಟೀನು ಪೈಪೋಟಿ ಮಾಡಿ, ಕೆಲವರಲ್ಲಿ ಮಾತ್ರೆ ಮೈಗೆ ಹಿಡಿಯುವುದು ಕಡಿಮೆಯಾಗುತ್ತದೆ. ಹಾಲು ಬಿಡಿ ಎಂದು ನಾನು ಹೇಳುತ್ತಿಲ್ಲ. ಮಾತ್ರೆಯನ್ನು ನೀರಿನಲ್ಲಿ, ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ ಕೊಡಿ. ಹಾಲನ್ನು ಬೇರೆ ಹೊತ್ತಿನಲ್ಲಿ ಕೊಡಿ. ಹೊಟ್ಟೆ ತೊಳೆಸಿದರೆ ವೈದ್ಯರಿಗೆ ತಿಳಿಸಿ.

ಎರಡು, ಮೂತ್ರಕ್ಕೆ ಮತ್ತೆ ಮತ್ತೆ ಏಳುವುದು. ಇದರಲ್ಲಿ ನಿದ್ದೆ ಕೆಡುವುದಕ್ಕಿಂತ ಬೀಳುವ ಭಯ ದೊಡ್ಡದು. ಈ ಕಾಯಿಲೆಯಲ್ಲಿ ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು ಏಳಲಿ. ದಾರಿಯಲ್ಲಿ ಸಣ್ಣ ದೀಪ ಉರಿಯಲಿ.

ಮೂರು, ಕನಸಿನಲ್ಲಿ ಕೂಗುವುದು, ಒದೆಯುವುದು, ಹೊಡೆಯುವುದು. ಕನಸು ಕಾಣುವಾಗ ನಮ್ಮ ಕೈಕಾಲುಗಳು ಸಡಿಲವಾಗಿ ಬಿದ್ದಿರುತ್ತವೆ. ಇವರಲ್ಲಿ ಆ ತಡೆ ತಪ್ಪಿ, ಕನಸಿನಲ್ಲಿ ಮಾಡಿದ್ದನ್ನು ಮೈಯೂ ಮಾಡುತ್ತದೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುವವರಿದ್ದಾರೆ. ಇದು ಗಾಳಿಯಲ್ಲ. 1986ರಲ್ಲಿ ಅಮೆರಿಕದ ಮಿನ್ನೆಸೋಟದ ವೈದ್ಯರಾದ ಶೆಂಕ್ ಮತ್ತು ಮಹೊವಾಲ್ಡ್ ಇದನ್ನು ಬೇರೆಯೇ ಆದ ನಿದ್ರಾರೋಗವೆಂದು ವಿವರಿಸಿದರು. ನಡುಕ ಕಾಣುವ ಎಷ್ಟೋ ವರ್ಷ ಮೊದಲೇ ಇದು ಶುರುವಾಗಬಹುದು. ಪಕ್ಕದಲ್ಲಿ ಮಲಗಿದವರಿಗೆ ಪೆಟ್ಟಾಗುತ್ತದೆ. ರೋಗಿ ಮಂಚದಿಂದ ಉರುಳುವುದೂ ಉಂಟು. ಕುಡುಗೋಲು, ಗಾಜಿನ ಸಾಮಾನು ಹತ್ತಿರ ಇಡಬೇಡಿ. ಹಾಸಿಗೆ ನೆಲದಲ್ಲಿರಲಿ, ಇಲ್ಲವೇ ತಗ್ಗಾಗಿರಲಿ. ಇದಕ್ಕೆ ಔಷಧವಿದೆ.

ನಾಲ್ಕು, ಸಂಜೆಯಾದರೆ ಕಾಲಿನೊಳಗೆ ಏನೋ ಹರಿದಾಡಿದಂತಾಗಿ ಅಲ್ಲಾಡಿಸದೆ ಇರಲಾಗದ ತೊಂದರೆ. ನಡೆದಾಡಿದರೆ ತಾತ್ಕಾಲಿಕ ಆರಾಮ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯೆ ಎಂದು ಪರೀಕ್ಷಿಸಬೇಕಾಗುತ್ತದೆ.

ಐದು, ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗಿ ಮತ್ತೆ ಹೌಹಾರಿ ಉಸಿರೆಳೆಯುವುದು. ಇವರಿಗೆ ಅಂಗಡಿಯಿಂದ ತಂದ ನಿದ್ದೆ ಮಾತ್ರೆ ಕೊಟ್ಟರೆ ಅಪಾಯ ಹೆಚ್ಚು.

ಇವಲ್ಲದೆ ಚಿಂತೆ, ಮನಸ್ಸಿನ ಕುಗ್ಗು, ಇಲ್ಲದವರು ಎದುರಿಗೆ ಕಂಡಂತಾಗುವುದು ಇವೂ ನಿದ್ದೆ ಕೆಡಿಸುತ್ತವೆ. ಅಮಾಂಟಡಿನ್, ಸೆಲೆಜಿಲಿನ್‌ನಂತಹ ಮಾತ್ರೆಗಳನ್ನು ಸಂಜೆ ತಡವಾಗಿ ತೆಗೆದುಕೊಂಡರೂ ಎಚ್ಚರ ಇರಬಹುದು.

ಇನ್ನು ಹಗಲಿನ ವಿಷಯ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಹಗಲಿನಲ್ಲಿ ಸೂಚನೆಯಿಲ್ಲದೆ ನಿದ್ದೆ ಬಂದುಬಿಡುತ್ತದೆ. ಹೀಗೆ ವಾಹನ ಓಡಿಸುವಾಗಲೇ ನಿದ್ದೆ ಹೋದವರ ವರದಿ 1999ರಲ್ಲಿ ಬಂದಿತು. ಮೊಪೆಡ್ಡಿನಲ್ಲಿ ಹಾಲಿನ ಕ್ಯಾನು ಒಯ್ಯುವವರು, ಮೇವು ಕತ್ತರಿಸುವ ಯಂತ್ರಕ್ಕೆ ಕೈ ಕೊಡುವವರು ಇದನ್ನು ಕಡೆಗಣಿಸಬಾರದು. ಕೂತಲ್ಲೇ ನಿದ್ದೆ ಹತ್ತುತ್ತಿದ್ದರೆ ವಾಹನವನ್ನೂ ಯಂತ್ರವನ್ನೂ ಕೂಡಲೆ ಬಿಟ್ಟು ವೈದ್ಯರನ್ನು ಕಾಣಿರಿ.

ಇಷ್ಟನ್ನೆಲ್ಲ ವೈದ್ಯರು ಹೇಗೆ ಅಳೆಯುತ್ತಾರೆ? ಮೊದಲ ಸಾಧನ ಪ್ರಶ್ನೆಗಳೇ. ಪಾರ್ಕಿನ್‌ಸನ್ ರೋಗಿಗಳ ನಿದ್ದೆಗೆಂದೇ 15 ಪ್ರಶ್ನೆಗಳ ಪಟ್ಟಿಯೊಂದು 2002ರಲ್ಲಿ ಸಿದ್ಧವಾಯಿತು. 2011ರಲ್ಲಿ ಅದು ಪರಿಷ್ಕಾರಗೊಂಡಿತು. ಕಳೆದ ಒಂದು ವಾರದ ರಾತ್ರಿಗಳ ಬಗ್ಗೆ ಕೇಳಿ ಅಂಕ ಹಾಕುತ್ತಾರೆ. ಹಗಲಿನ ತೂಕಡಿಕೆಗೆ ಎಪ್‌ವರ್ತ್ ಎಂಬ ಇನ್ನೊಂದು ಪಟ್ಟಿ, 1991ರದು. ಎಂಟು ಸಂದರ್ಭ, ಒಟ್ಟು 24 ಅಂಕ. 10 ದಾಟಿದರೆ ತೂಕಡಿಕೆ ಹೆಚ್ಚೆಂದು ಅರ್ಥ. ಕೆಲವರಿಗೆ ಮಾತ್ರ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ, ತಲೆಗೆ ಎದೆಗೆ ತಂತಿ ಅಂಟಿಸಿ, ನಿದ್ದೆ, ಉಸಿರು, ಕೈಕಾಲಿನ ಚಲನೆಯನ್ನು ದಾಖಲಿಸುತ್ತಾರೆ. ನೋವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಈ ಸೌಲಭ್ಯವಿದೆ.

ಆದರೆ ಈ ಪ್ರಶ್ನೆಗಳಿಗೆ ಉತ್ತರ ಯಾರ ಬಳಿ ಇದೆ? ನಿದ್ದೆಯಲ್ಲಿ ಒದ್ದವರಿಗೆ ತಾನು ಒದ್ದದ್ದು ಗೊತ್ತಿರುವುದಿಲ್ಲ, ಗೊರಕೆ ಹೊಡೆದವರಿಗೆ ಗೊರಕೆ ಕೇಳಿರುವುದಿಲ್ಲ. ಗೊತ್ತಿರುವುದು ಅದೇ ಕೋಣೆಯಲ್ಲಿ ಮಲಗುವವರಿಗೆ. ನಮ್ಮ ಮನೆಗಳಲ್ಲಿ ಆಗುವುದೇನು? ಅಪ್ಪನನ್ನು ಆಸ್ಪತ್ರೆಗೆ ಮಗ ಕರೆದೊಯ್ಯುತ್ತಾನೆ. ಸಂಜೆ ಹಾಲು ಕರೆಯುವವರು ಬೇಕೆಂದು ಅವ್ವ ಮನೆಯಲ್ಲೇ ಉಳಿಯುತ್ತಾಳೆ. ಎಲ್ಲ ಕಂಡ ಸಾಕ್ಷಿ ಕೊಟ್ಟಿಗೆಯಲ್ಲಿ, ಏನೂ ಕಾಣದವನು ಆಸ್ಪತ್ರೆಯಲ್ಲಿ! ಒಂದು ಹೊತ್ತಿನ ಹಾಲು ಕರೆಯುವುದನ್ನು ಮಗ, ಸೊಸೆ ಅಥವಾ ಪಕ್ಕದ ಮನೆಯವರು ನೋಡಿಕೊಳ್ಳಲಿ. ಅವ್ವ ಆಸ್ಪತ್ರೆಗೆ ಹೋಗಲಿ.

ಹೋಗುವ ಮುಂಚೆ ಎರಡು ವಾರ ಒಂದು ನೋಟುಪುಸ್ತಕದಲ್ಲಿ ಇಷ್ಟು ಬರೆದಿಡಿ:

1. ಮಲಗಿದ ಹೊತ್ತು, ಬೆಳಿಗ್ಗೆ ಎದ್ದ ಹೊತ್ತು.
2. ಪ್ರತಿ ಮಾತ್ರೆಯ ಹೆಸರು, ನುಂಗಿದ ಹೊತ್ತು.
3. ಎಷ್ಟು ಸಲ ಎಚ್ಚರ, ಯಾವ ಹೊತ್ತಿಗೆ, ಯಾವ ಕಾರಣಕ್ಕೆ.
4. ಕೂಗು, ಒದೆತ, ಗೊರಕೆ, ಉಸಿರು ನಿಂತದ್ದು.
5. ಎದ್ದಾಗ ಬಿದ್ದರೆ ಅದು.
6. ಹಗಲಲ್ಲಿ ಎಲ್ಲಿ, ಎಷ್ಟು ಹೊತ್ತು ನಿದ್ದೆ.
7. ಕಾಫಿ, ಚಹಾ, ಮದ್ಯ ಕುಡಿದ ಹೊತ್ತು.

ಅಕ್ಷರ ಬಾರದವರು ಹೇಳಲಿ, ಶಾಲೆಗೆ ಹೋಗುವ ಮಕ್ಕಳು ಬರೆಯಲಿ. ಒದೆಯುವುದು, ಉಸಿರು ಕಟ್ಟುವುದು ಇದ್ದರೆ ಮೊಬೈಲಿನಲ್ಲಿ ಒಂದೆರಡು ನಿಮಿಷ ಚಿತ್ರಿಸಿ ತೋರಿಸಿದರೂ ವೈದ್ಯರಿಗೆ ಬಹಳ ಸಹಾಯ.

ಮಾಡಬಾರದ್ದು ಮೂರು. ವೈದ್ಯರ ಚೀಟಿಯಿಲ್ಲದೆ ನಿದ್ದೆ ಮಾತ್ರೆ ಕೊಡಬೇಡಿ. ಬೀಳುವುದು, ಗೊಂದಲ ಹೆಚ್ಚುತ್ತವೆ. ಪಾರ್ಕಿನ್‌ಸನ್ ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ, ಪ್ರಾಣಕ್ಕೇ ಅಪಾಯವಾಗಬಹುದು. ನಸುಗುನ್ನಿ ಬೀಜದ ಪುಡಿಯನ್ನು ನೀವಾಗಿಯೇ ಕೊಡಬೇಡಿ. ಅದರಲ್ಲಿ ಲೆವೊಡೋಪಾ ಇರುವುದು ನಿಜ. ಆದುದರಿಂದಲೇ ಮಾತ್ರೆಯ ಜೊತೆ ಸೇರಿ ಪ್ರಮಾಣ ಮೀರುತ್ತದೆ.

ತಾಯಂದಿರೇ, ಕೊನೆಯ ಮಾತು ನಿಮಗೆ. ರಾತ್ರಿ ನಾಲ್ಕು ಸಲ ಎದ್ದು ಯಜಮಾನರನ್ನು ಮಗ್ಗುಲು ತಿರುಗಿಸಿ, ಬೆಳಗಿನ ಜಾವ ಮತ್ತೆ ಹಾಲು ಕರೆಯಲು ಕೂರುವವರು ನೀವು. ಆ ಪುಸ್ತಕದಲ್ಲಿ ನೀವು ಎಷ್ಟು ಗಂಟೆ ಮಲಗಿದಿರಿ ಎಂಬುದನ್ನೂ ಬರೆಯಿರಿ, ವೈದ್ಯರಿಗೆ ಅದನ್ನೂ ತೋರಿಸಿರಿ. ಮನೆಯ ಉಳಿದವರು ವಾರದಲ್ಲಿ ಎರಡು ರಾತ್ರಿಯಾದರೂ ಸರದಿ ವಹಿಸಿಕೊಳ್ಳಲಿ.